ತೀರ್ಪನ್ನು ತಡೆಹಿಡಿಯುವ ಸಿನಿಮಾ

ಪೋಲೆಂಡಿನ ಕಲಾತ್ಮಕ ಚಿತ್ರಗಳ ಬಗ್ಗೆ ಪ್ರೇಕ್ಷಕರ ದೂರು ಎರಡು ಬಗೆಯದು. ಹಿಂಸೆಯನ್ನು ಇಷ್ಟು ಹೊತ್ತು ತೋರಿಸಬೇಕಿತ್ತೇ ಎಂಬುದು ಒಂದು. ಇಷ್ಟೆಲ್ಲ ತೋರಿಸಿಯೂ ನಿರ್ದೇಶಕ ತಾನು ಯಾರ ಪರ ಎಂದು ಹೇಳಲಿಲ್ಲವಲ್ಲ ಎಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡರ ಬೇರೂ ಒಂದೇ. ಕೃತ್ಯದಲ್ಲಿ ಏನನ್ನೂ ಮರೆಮಾಚದೆ, ತೀರ್ಪನ್ನು ಮಾತ್ರ ನೋಡುವವರ ಹೆಗಲಿಗೆ ಹೊರಿಸುವುದು ಈ ಪರಂಪರೆಯ ಕ್ರಮ. ಆ ಭಾರವೇ ಪ್ರೇಕ್ಷಕರನ್ನು ಕೆರಳಿಸುತ್ತದೆ.

ಆಂಜೆಯ್ ವಾಯ್ದಾ ಅವರ ‘ಆಷಸ್ ಅಂಡ್ ಡೈಮಂಡ್ಸ್’ (1958) ಇದಕ್ಕೆ ಬುನಾದಿ ಹಾಕಿತು. ಯುರೋಪಿನಲ್ಲಿ ಯುದ್ಧ ಮುಗಿದ 1945ರ ಮೇ 8ರಂದು ನಾಜಿಗಳ ವಿರುದ್ಧ ಹೋರಾಡಿದ್ದ ಭೂಗತ ಗೃಹಸೇನೆಯ (ಹೋಮ್ ಆರ್ಮಿ) ಯುವಕ ಮಾಚೆಕ್, ಕಮ್ಯುನಿಸ್ಟ್ ನಾಯಕ ಶ್ಚೂಕಾನನ್ನು ಕೊಲ್ಲಬೇಕಿದೆ. ಮೊದಲ ಯತ್ನದಲ್ಲಿ ಬಲಿಯಾಗುವವರು ಸಿಮೆಂಟ್ ಕಾರ್ಖಾನೆಯ ಇಬ್ಬರು ಅಮಾಯಕರು. ಮುಂದೆ ಗುಂಡೇಟು ತಿಂದ ಶ್ಚೂಕಾ ತನ್ನನ್ನು ಕೊಂದವನ ತೋಳಿಗೇ ಕುಸಿಯುತ್ತಾನೆ. ಆಕಾಶದಲ್ಲಿ ವಿಜಯದ ಬಾಣಬಿರುಸು. ಕಡೆಗೆ ಮಾಚೆಕ್ ಕಸದ ರಾಶಿಯ ಮೇಲೆ ನರಳಿ ಸಾಯುತ್ತಾನೆ. ಕಮ್ಯುನಿಸ್ಟ್ ಪ್ರಭುತ್ವ ಅದನ್ನು ಕ್ರಾಂತಿವಿರೋಧಿಗಾದ ಶಾಸ್ತಿ ಎಂದು ಓದಿಕೊಳ್ಳಬಹುದಿತ್ತು. ಜನ ಮರುಗಿದ್ದು ಆ ಹುಡುಗನಿಗಾಗಿ. ಸೆನ್ಸಾರಿನ ನೆರಳಲ್ಲಿ ಅಸ್ಪಷ್ಟತೆ ಬರಿಯ ಶೈಲಿಯಾಗಿರಲಿಲ್ಲ, ಸತ್ಯ ಉಸಿರಾಡಲು ಉಳಿದಿದ್ದ ದಾರಿಯಾಗಿತ್ತು.

ಮೂವತ್ತು ವರ್ಷಗಳ ನಂತರ ಕ್ರಿಸ್ತಾಫ್ ಕಿಶ್ಲೋವ್‌ಸ್ಕಿ ‘ಎ ಶಾರ್ಟ್ ಫಿಲ್ಮ್ ಅಬೌಟ್ ಕಿಲ್ಲಿಂಗ್’ (1988) ಮಾಡಿದರು. ಯಾತ್ಸೆಕ್ ಎಂಬ ಯುವಕ ವಾರ್ಸಾದಲ್ಲಿ ಟ್ಯಾಕ್ಸಿ ಚಾಲಕನೊಬ್ಬನನ್ನು ಕಾರಣವಿಲ್ಲದೆ ಕೊಲ್ಲುತ್ತಾನೆ. ಹಗ್ಗ ಸಾಲದೆ ಕೋಲು, ಅದೂ ಸಾಲದೆ ಕಲ್ಲು. ಮನುಷ್ಯನನ್ನು ಕೊಲ್ಲುವುದು ಎಷ್ಟು ಕಷ್ಟದ ಕೆಲಸವೆಂದು ನಿಮಿಷ ನಿಮಿಷವೂ ಅರಿವಾಗುತ್ತದೆ. ಬಳಿಕ ಸರ್ಕಾರ ಯಾತ್ಸೆಕ್‌ನನ್ನು ನೇಣಿಗೇರಿಸುವುದನ್ನೂ ಚಿತ್ರ ಅಷ್ಟೇ ವಿವರವಾಗಿ ತೋರಿಸುತ್ತದೆ. ಸತ್ತ ಚಾಲಕ ಒಳ್ಳೆಯವನೇನಲ್ಲ: ಚಳಿಯಲ್ಲಿ ಕಾಯುತ್ತಿದ್ದವರನ್ನು ಬಿಟ್ಟು ಹೊರಟವನು. ಆದರೆ ಬೀದಿನಾಯಿಗೆ ತನ್ನ ಊಟ ಕೊಟ್ಟವನೂ ಅವನೇ. ಕೊಂದವನ ಎದೆಯಲ್ಲಿ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತ ತಂಗಿಯ ನೆನಪಿದೆ. ಅದು ಕೊಲೆಗೆ ವಿವರಣೆಯೂ ಅಲ್ಲ, ಕ್ಷಮೆಯೂ ಅಲ್ಲ. ಛಾಯಾಗ್ರಾಹಕ ಸ್ವಾವೊಮಿರ್ ಇಡ್ಜಿಯಾಕ್ ಹಸಿರು ಫಿಲ್ಟರುಗಳಿಂದ ಇಡೀ ನಗರಕ್ಕೇ ರೋಗದ ಬಣ್ಣ ಬಳಿದಿದ್ದಾರೆ. ಕಾನ್ ಉತ್ಸವದ ಜ್ಯೂರಿ ಪ್ರಶಸ್ತಿ ಇದಕ್ಕೆ ದೊರೆಯಿತು. ಪೋಲೆಂಡಿನಲ್ಲಿ ಕೊನೆಯ ಗಲ್ಲು ಜಾರಿಯಾದದ್ದೂ ಅದೇ ವರ್ಷ. ಗಲ್ಲು ನಿಂತದ್ದಕ್ಕೆ ಚಿತ್ರವೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಮರಣದಂಡನೆಯ ಚರ್ಚೆಗೆ ಇಷ್ಟು ನೇರ ಸಾಕ್ಷ್ಯ ಒದಗಿಸಿದ ಚಿತ್ರಗಳು ವಿರಳ.

ಹಾಗೆಂದು ಈ ಪರಂಪರೆಯ ಎಲ್ಲ ಮೌನವೂ ಗೆದ್ದಿಲ್ಲ. ಯೆಜಿ ಸ್ಕೊಲಿಮೋವ್‌ಸ್ಕಿಯವರ ‘ಎಸೆನ್ಷಿಯಲ್ ಕಿಲ್ಲಿಂಗ್’ (2010) ಅಮೆರಿಕನ್ ಸೈನಿಕರಿಂದ ತಪ್ಪಿಸಿಕೊಂಡ ಕೈದಿಯೊಬ್ಬ ಹಿಮದ ಕಾಡಿನಲ್ಲಿ ಓಡುವ ಕಥೆ. ಅವನು ಇರುವೆ ತಿನ್ನುತ್ತಾನೆ, ಮರದ ತೊಗಟೆ ಅಗಿಯುತ್ತಾನೆ, ಎದುರಾದವರನ್ನು ಕೊಲ್ಲುತ್ತಾನೆ. ಚಿತ್ರದುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ಆ ಪಾತ್ರ ಮಾಡಿದ ವಿನ್ಸೆಂಟ್ ಗ್ಯಾಲೊಗೆ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ನ್ಯಾಯವೇ. ಬದುಕುವ ಹಸಿವಿನ ಮುಂದೆ ರಾಜಕೀಯ ಕರಗುತ್ತದೆ ಎಂದು ಇದನ್ನು ಮೆಚ್ಚಬಹುದು. ಆದರೆ ಅವನ ಊರು, ಹೆಂಡತಿ, ನಂಬಿಕೆ ಕೆಲವೇ ಸವಕಲು ಚಿತ್ರಿಕೆಗಳಲ್ಲಿ ಮುಗಿದುಹೋಗುತ್ತವೆ. ಮಾಚೆಕ್ ಮತ್ತು ಯಾತ್ಸೆಕ್ ನಮಗೆ ಅರ್ಥವಾಗದಿರುವುದು ಅವರ ಬಗ್ಗೆ ತುಂಬ ತಿಳಿದ ಮೇಲೆ. ಈ ಕೈದಿ ಅರ್ಥವಾಗದಿರುವುದು ಏನೂ ತಿಳಿಯದ ಕಾರಣಕ್ಕೆ. ಮೊದಲನೆಯದು ನಿಗೂಢ, ಎರಡನೆಯದು ಬರಿದು.

ಆದ್ದರಿಂದ ಇಂಥ ಚಿತ್ರಗಳನ್ನು ಅಳೆಯುವಾಗ ರಕ್ತ ಎಷ್ಟು ಹರಿಯಿತು, ಅಂತ್ಯ ತಿಳಿಯಿತೇ ಎಂದು ಕೇಳಿ ಫಲವಿಲ್ಲ. ಸತ್ತವನಿಗೊಂದು ಬದುಕಿತ್ತೆಂದು ಚಿತ್ರ ನಂಬಿಸಿತೇ, ಕೊಂದವನನ್ನು ರಾಕ್ಷಸನೆಂದು ತಳ್ಳಿಹಾಕುವ ಸುಖವನ್ನು ನಮ್ಮಿಂದ ಕಸಿದುಕೊಂಡಿತೇ ಎಂದು ಕೇಳಬೇಕು. ಕಿಶ್ಲೋವ್‌ಸ್ಕಿಯ ಚಿತ್ರ ಈ ಎರಡೂ ಪರೀಕ್ಷೆಗಳಲ್ಲಿ ಗೆಲ್ಲುತ್ತದೆ. ಪೋಲಿಷ್ ಸಿನಿಮಾಕ್ಕೆ ಹೊಸಬರಾದವರು ಅದರಿಂದಲೇ ಆರಂಭಿಸಲಿ. ನೋಡಲು ಕಷ್ಟವಾದರೂ ನಡುವೆ ಎದ್ದು ಹೋಗದಿರಲಿ.