ಕೇಳಿದವರಿಗಷ್ಟೇ ರಜೆ

ತಮಿಳುನಾಡಿನ ಗಡಿಯ ಅಂಚೆಟ್ಟಿಯಿಂದ ಬೆಳಗಿನ ಜಾವ ಹೊರಡುವ ಕಂಪನಿ ವ್ಯಾನಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಕಾಡಿನ ದಾರಿ ಕಳೆದು, ದೆಂಕಣಿಕೋಟೆ ದಾಟಿ, ಕೆಲವರು ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಇಳಿದುಕೊಳ್ಳುತ್ತಾರೆ. ಇನ್ನು ಕೆಲವರು ಬಸ್ಸು ಬದಲಿಸಿ, ಜೂಜುವಾಡಿ ಗಡಿ ದಾಟಿ ಅತ್ತಿಬೆಲೆ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯವರೆಗೂ ಹೋಗುತ್ತಾರೆ. ಎಲ್ಲರೂ ಒಂದೇ ಬೀದಿಯವರು, ಮಾಡುವ ಹಬ್ಬಗಳೂ ಒಂದೇ. ರಜೆಯ ಕಾನೂನು ಮಾತ್ರ ಎರಡು.

ದೇಶದೇಶಗಳ ನಡುವೆ ರಜೆಯ ನಿಯಮಗಳನ್ನು ಹೊಂದಿಸುವುದು ದೊಡ್ಡ ಕಂಪನಿಗಳ ತಲೆನೋವು ಎಂದು ನಾವು ತಿಳಿದಿದ್ದೇವೆ. ನಮ್ಮೂರಿನಂಥ ಗಡಿ ಊರಿನಲ್ಲಿ ಅದು ಕೂಲಿಯವರ ತಲೆನೋವೂ ಹೌದು. ಆದ್ದರಿಂದ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಪ್ರತಿ ಜನವರಿ ಅಂಟಿಸುವ ರಜಾ ಪಟ್ಟಿಯನ್ನೂ ಅದರ ಹಿಂದಿರುವ ಕಾನೂನನ್ನೂ ಸೇರಿಸಿಯೇ ಓದಬೇಕು.

ತಮಿಳುನಾಡಿನ 1958ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಕೊಡುವುದು 9 ದಿನ: ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಮತ್ತು ಐದು ಹಬ್ಬ. ಕರ್ನಾಟಕದ 1963ರ ಕಾಯ್ದೆಯದು 10 ದಿನ. ಹೆಚ್ಚಿನ ಆ ಒಂದು ದಿನ ನವೆಂಬರ್ 1. ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಸೀಮೆ ಮದರಾಸಿನಲ್ಲೇ ಉಳಿದುಕೊಂಡ ದಿನವೂ ಅದೇ. ಅಂದು ಅತ್ತಿಬೆಲೆಯಲ್ಲಿ ಬಾವುಟ ಹಾರುತ್ತದೆ, ಹೊಸೂರಿನ ಕನ್ನಡಿಗ ಶಿಫ್ಟಿಗೆ ಪಂಚ್ ಹಾಕುತ್ತಾನೆ. ಇದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಆಯಾ ರಾಜ್ಯದ ದಿನ ಆಯಾ ರಾಜ್ಯಕ್ಕೆ.

ನನ್ನ ತಕರಾರು ಇರುವುದು ಉಳಿದ ಐದು ಹಬ್ಬಗಳ ವಿಷಯದಲ್ಲಿ. ಅವನ್ನು ಕೆಲಸಗಾರರ ಜೊತೆ ಮಾತಾಡಿ ಗೊತ್ತು ಮಾಡಬೇಕೆಂಬುದು ಎರಡೂ ಕಾಯ್ದೆಗಳ ಆಶಯ. ಇದು ಈ ಕಾನೂನುಗಳಲ್ಲಿರುವ ಅತ್ಯಂತ ಒಳ್ಳೆಯ ಮಾತು, ಅತ್ಯಂತ ಕಡಿಮೆ ಬಳಕೆಯಾಗುವ ಮಾತೂ ಹೌದು. ಹೆಚ್ಚಿನ ಕಡೆ ಸರ್ಕಾರದ ಪಟ್ಟಿಯಿಂದಲೇ ಐದನ್ನು ಆರಿಸಿ ಬರೆದುಬಿಡುತ್ತಾರೆ. ತಮಿಳುನಾಡು ಸರ್ಕಾರದ ಪಟ್ಟಿಯಲ್ಲಿ ಪೊಂಗಲ್‌ಗೆ ಮೂರು ದಿನ ಉಂಟು. ನಮ್ಮ ಯುಗಾದಿಯೂ ಇದೆ, ಆದರೆ ‘ತೆಲುಗು ವರ್ಷಾರಂಭ’ ಎಂಬ ಹೆಸರಿನಲ್ಲಿ. ಮಹಾಶಿವರಾತ್ರಿ ಇಲ್ಲ. ಕಾವೇರಿಯಾಚೆಯ ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ನಡೆಯುವ ಈ ಸೀಮೆಯವರಿಗೆ ವರ್ಷದ ದೊಡ್ಡ ರಾತ್ರಿ ಅದು. ಗಡಿಯಾಚೆ ಕೆಲಸಕ್ಕೆ ಹೋಗುವವನಿಗೆ ಆ ದಿನ ರಜೆ ಸಿಕ್ಕೀತು. ಸಿಪ್ಕಾಟ್‌ನವನು ಸಿಎಲ್ (ಸಾಂದರ್ಭಿಕ ರಜೆ) ಹಾಕಬೇಕು, ಸಿಎಲ್ ಮುಗಿದಿದ್ದರೆ ಸಂಬಳ ಬಿಡಬೇಕು. ಐದರಲ್ಲಿ ಒಂದನ್ನು ಶಿವರಾತ್ರಿಗೆ ಇಡಿ ಎಂದು ಕೇಳಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಕೇಳಬಹುದೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಕರ್ನಾಟಕವೇ ಉದಾರಿ ಎಂದು ಬೀಗುವಂತೆಯೂ ಇಲ್ಲ. ಅಂಗಡಿ, ಹೋಟೆಲು, ಕಚೇರಿಗಳ ಕಾನೂನಿಗೆ ಬಂದರೆ ತಕ್ಕಡಿ ಈ ಕಡೆ ವಾಲುತ್ತದೆ. ತಮಿಳುನಾಡಿನ 1947ರ ಅಂಗಡಿ ಕಾಯ್ದೆಯಲ್ಲಿ ಒಂದು ವರ್ಷ ದುಡಿದವರಿಗೆ ಸಂಬಳ ಸಹಿತ 12 ದಿನ, ಕಾಯಿಲೆಗೆ 12, ಸಾಂದರ್ಭಿಕವಾಗಿ 12, ಒಟ್ಟು 36. ಕರ್ನಾಟಕದ 1961ರ ಕಾಯ್ದೆಯಲ್ಲಿ 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ, ಕಾಯಿಲೆಗೂ ಇತರ ಕಾರಣಗಳಿಗೂ ಸೇರಿ 12. ಹೊಸೂರಿನ ಬಟ್ಟೆ ಅಂಗಡಿಯ ಹುಡುಗಿ ಕಾಗದದ ಮೇಲೆ ಬೆಂಗಳೂರಿನ ಹುಡುಗಿಗಿಂತ ಹೆಚ್ಚು ರಜೆಯ ಹಕ್ಕುದಾರಳು. ಆದರೆ ಆ 36 ದಿನದ ಲೆಕ್ಕ ಅವಳ ಕಣ್ಣಿಗೆ ಬೀಳುವ ಕಡೆ ಬರೆದಿರುವುದಿಲ್ಲ.

ಕಾರ್ಖಾನೆಯ ಗಳಿಕೆ ರಜೆಯದು ಇದಕ್ಕಿಂತ ನೋವಿನ ಕಥೆ. 1948ರ ಫ್ಯಾಕ್ಟರಿ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ದುಡಿದವರಿಗೆ 20ಕ್ಕೆ ಒಂದರಂತೆ ರಜೆ ಇತ್ತು. ನನ್ನ ಅಕ್ಕನ ಮಗ ಕಾಂಟ್ರಾಕ್ಟ್ ಮೇಲೆ ಒಂದು ಕಡೆ ಸೇರಿದ. ಯಂತ್ರ ಅದೇ, ಸಾಲು ಅದೇ, ಸೂಪರ್‌ವೈಸರೂ ಅವನೇ. ಏಳನೇ ತಿಂಗಳಲ್ಲಿ ಕಾಂಟ್ರಾಕ್ಟರ್ ಬದಲಾದ. “ಇದು ಹೊಸ ಕಾಂಟ್ರಾಕ್ಟು, ಹಳೇ ದಿನಗಳ ಲೆಕ್ಕ ಇಲ್ಲಿ ಬರಲ್ಲ” ಎಂದರು. ಎಣಿಕೆ ಮತ್ತೆ ಒಂದರಿಂದ ಶುರು. ಕೆಲಸ ಬಿಟ್ಟವರಿಗೆ, ತೆಗೆಸಿಕೊಂಡವರಿಗೆ 240 ದಿನ ತುಂಬದಿದ್ದರೂ ದುಡಿದಷ್ಟು ದಿನದ ರಜೆಯ ಹಣ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತಿತ್ತು. ಅವನಿಗೆ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಈ 240ನ್ನು 180ಕ್ಕೆ ಇಳಿಸಿದೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆರು ತಿಂಗಳಿಗೆ ಆಳು ಬದಲಿಸುವ ಕಾಲಕ್ಕೆ ಇದು ತಕ್ಕ ತಿದ್ದುಪಡಿ. ಆದರೆ ವರ್ಷದ ಕೊನೆಗೆ ಕೇಳಿದರೆ ರಜೆಯ ಬದಲು ಹಣ ಎಂಬ ಅವಕಾಶವನ್ನೂ ಅದು ತೆರೆದಿದೆ. ಸಾಲವಿರುವ ಮನೆಯವರು ರಜೆ ಮಾರಿಕೊಳ್ಳುತ್ತಾರೆ, ಮಾರಿಕೊಂಡವರಿಗೆ ವಿಶ್ರಾಂತಿ ಇಲ್ಲ. ಯುರೋಪಿನ ಒಕ್ಕೂಟದ ನಿಯಮದಲ್ಲಿ ಕನಿಷ್ಠ ನಾಲ್ಕು ವಾರದ ರಜೆಯನ್ನು, ಕೆಲಸ ಬಿಡುವಾಗ ಹೊರತು, ಹಣವಾಗಿ ಬದಲಿಸುವಂತಿಲ್ಲ. ಅದು ಸರಿಯಾದ ನಿಲುವು.

ಬೊಮ್ಮಸಂದ್ರದಲ್ಲೂ ಹೊಸೂರಿನಲ್ಲೂ ಜರ್ಮನ್ ಮೂಲದ ಘಟಕಗಳಿವೆ. ವಾರಕ್ಕೆ ಆರು ದಿನ ದುಡಿಯುವವನಿಗೆ ಜರ್ಮನಿಯ 1963ರ ಕಾನೂನು ಕನಿಷ್ಠ 24 ದಿನ ಕೊಡುತ್ತದೆ. ಇಲ್ಲಿ 300 ದಿನ ದುಡಿದವನಿಗೆ 15. ಅಮೆರಿಕದಲ್ಲಿ ಸಂಬಳ ಸಹಿತ ವಾರ್ಷಿಕ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನೇ ಇಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಜಪಾನಿನ ತಿದ್ದುಪಡಿ. ಅಲ್ಲಿಯೂ ಜನ ರಜೆ ಕೇಳಲು ಸಂಕೋಚಪಡುತ್ತಿದ್ದರು. 2019ರ ಏಪ್ರಿಲ್‌ನಿಂದ, 10 ದಿನ ಅಥವಾ ಹೆಚ್ಚು ರಜೆಯಿರುವ ಪ್ರತಿಯೊಬ್ಬ ಕೆಲಸಗಾರ ವರ್ಷಕ್ಕೆ 5 ದಿನವಾದರೂ ರಜೆ ಪಡೆಯುವಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆಯಾಯಿತು. ಕೆಲಸಗಾರ ಕೇಳಲಿಲ್ಲ ಎಂಬುದು ಅಲ್ಲಿ ನೆಪವಾಗದು. ನಮ್ಮ ಕಾನೂನುಗಳಿಗೆ ಇಲ್ಲದ ಬೆನ್ನೆಲುಬು ಇದು.

ಮತದಾನದ ರಜೆಯನ್ನೇ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಕೃಷ್ಣಗಿರಿ ಕ್ಷೇತ್ರಕ್ಕೆ ಏಪ್ರಿಲ್ 19, ಬೆಂಗಳೂರಿಗೆ ಏಪ್ರಿಲ್ 26. ಬೆಂಗಳೂರಿನ ಗೇಟುಗಳಲ್ಲಿ ಅಂಟಿಸಿದ ನೋಟಿಸಿನಲ್ಲಿ 26 ಇತ್ತು. ಅಂಚೆಟ್ಟಿಯವರ ಮತ 19ಕ್ಕೆ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಮತದಾನದ ದಿನ ಸಂಬಳ ಸಹಿತ ರಜೆ ಕೊಡಲೇಬೇಕೆನ್ನುತ್ತದೆ, ದಿನಗೂಲಿಯವರಿಗೂ. ಬೇರೆ ಊರಿನಲ್ಲಿ ದುಡಿಯುವ ಮತದಾರನಿಗೂ ಅದು ಸಲ್ಲುತ್ತದೆ. ಕೊಡದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಒಂದು ಶಿಫ್ಟಿನ ಉತ್ಪಾದನೆಯ ಮುಂದೆ ಇದು ದಂಡವೇ ಅಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಕೇಳುವುದೇ 14 ವಾರ. ವಾರಗಳಲ್ಲಿ ನಾವು ಮುಂದಿದ್ದೇವೆ. ಇಎಸ್‌ಐ ಇರುವ ಕಡೆ ಆ ಹಣ ವಿಮೆಯಿಂದ ಬರುತ್ತದೆ, ಇಲ್ಲದ ಕಡೆ ಪೂರ್ತಿ ಭಾರ ಮಾಲೀಕನದು. ಮದುವೆಯಾದ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವುದಕ್ಕೆ ಇದೇ ಕಾರಣವಾಗುತ್ತದೆ. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಖಾಸಗಿ ಕಂಪನಿಗಳಿಗೂ ಸೇರಿಸಿ ತಿಂಗಳಿಗೊಂದು ದಿನದ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆದೇಶ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಗಡಿಯ ಈಚೆಗೆ ಅಂಥ ನಿಯಮವಿಲ್ಲ. ಒಂದೇ ಮನೆಯ ಅಕ್ಕ ಬೊಮ್ಮಸಂದ್ರಕ್ಕೆ, ತಂಗಿ ಸಿಪ್ಕಾಟ್‌ಗೆ ಹೋಗುತ್ತಿದ್ದರೆ ನೋವು ಒಂದೇ, ನಿಯಮ ಎರಡು.

ನಮ್ಮ ರಜೆಯ ಕಾನೂನುಗಳು ದಿನಗಳ ಲೆಕ್ಕದಲ್ಲಿ ಅಷ್ಟೇನೂ ಬಡವಲ್ಲ. ಕೇಳಲು ಹೆದರುವವರ ಮೇಲೆಯೇ ಕೇಳುವ ಹೊಣೆ ಹೊರಿಸಿರುವುದು ಅವುಗಳ ದೊಡ್ಡ ಕೊರತೆ. ಜಪಾನಿನಂಥ ಒಂದು ಸಾಲು ನಮ್ಮಲ್ಲೂ ಸೇರಬೇಕು. ಯಾರಿಗೆ ಎಷ್ಟು ರಜೆ ಉಳಿದಿದೆಯೆಂದು ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ ಅವರವರು ಓದಬಲ್ಲ ಭಾಷೆಯಲ್ಲಿ ಅಚ್ಚಾಗಬೇಕು.

ಅಲ್ಲಿಯವರೆಗೆ, ವ್ಯಾನು ಹತ್ತುವ ತಮ್ಮಂದಿರೇ, ತಂಗಿಯರೇ, ರಜೆಯನ್ನು ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ನಕಲಿಗೆ ಸಹಿ ಹಾಕಿಸಿಕೊಳ್ಳಿ. ಮುಂದಿನ ವರ್ಷದ ಪಟ್ಟಿಗೆ ಶಿವರಾತ್ರಿ ಸೇರಬೇಕಿದ್ದರೆ ದೀಪಾವಳಿ ಮುಗಿದ ಕೂಡಲೇ ಹತ್ತು ಜನ ಸೇರಿ ಅರ್ಜಿ ಕೊಡಿ. ಕಾರ್ಖಾನೆಯ ಗಳಿಕೆ ರಜೆ ಮುಂದಿನ ವರ್ಷಕ್ಕೆ ಹೋಗುವುದು 30 ದಿನದವರೆಗೆ ಮಾತ್ರ. ಅರ್ಜಿ ಕೊಟ್ಟ ಮೇಲೆ ಮಾಲೀಕ ನಿರಾಕರಿಸಿದ ರಜೆಗೆ ಆ ಮಿತಿ ಇಲ್ಲ.