ನಿಲ್ದಾಣದ ನುಡಿ: ಬಾಗಲಕೋಟೆಯ ಗಾಡಿಯ ದಾರಿಯಲ್ಲಿ ಒಂದು ವಿವೇಚನೆ

ವಿಮರ್ಶೆಯೆಂದರೆ ಕಾವ್ಯ, ನಾಟಕ, ಕಾದಂಬರಿಗಳ ವಿಮರ್ಶೆಯೆಂಬುದೇ ನಮ್ಮಲ್ಲಿ ರೂಢಿಯಾಗಿದೆ. ಅಚ್ಚಾದ ಪುಸ್ತಕದ ಕನ್ನಡವನ್ನು ಅಕ್ಷರ ಅಕ್ಷರವಾಗಿ ತೂಗಿ ನೋಡುವ ನಾವು, ದಿನವೂ ಸಾವಿರಾರು ಜನ ಕಿವಿಗೊಟ್ಟು ಕೇಳಲೇಬೇಕಾದ ಕನ್ನಡವನ್ನು ಮಾತ್ರ ವಿಮರ್ಶೆಯ ಹೊಸ್ತಿಲೊಳಗೆ ಬಿಟ್ಟುಕೊಂಡಿಲ್ಲ. ರೈಲುನಿಲ್ದಾಣದ ಫಲಕಗಳ ಮೇಲಿನ ಕನ್ನಡ, ಅಲ್ಲಿಯ ಧ್ವನಿವರ್ಧಕದ ಕನ್ನಡ, ಈ ಬಗೆಯದು. ಕವಿತೆಯೊಂದು ತಿಳಿಯದಿದ್ದರೆ ಮತ್ತೊಮ್ಮೆ ಓದಬಹುದು, ಓದದೆಯೂ ಇರಬಹುದು. ನಿಲ್ದಾಣದ ಗದ್ಯ ತಿಳಿಯದಿದ್ದರೆ ಗಾಡಿ ತಪ್ಪುತ್ತದೆ, ಆ ದಿನದ ಕೂಲಿ ತಪ್ಪುತ್ತದೆ. ಇಷ್ಟು ಹೊಣೆ ಹೊತ್ತ ಗದ್ಯ ಕನ್ನಡದಲ್ಲಿ ಹೆಚ್ಚಾಗಿಲ್ಲ. ಆದುದರಿಂದ ಅದನ್ನು ಗದ್ಯವೆಂದೇ ತಿಳಿದು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ನಿತ್ಯವೂ ರೈಲಿನಲ್ಲಿ ಹೋಗಿಬರುವ ಮನುಷ್ಯ ಕನ್ನಡ ಕಥನಸಾಹಿತ್ಯಕ್ಕೆ ಬಂದದ್ದು ಬಹುಮಟ್ಟಿಗೆ ಮುಂಬಯಿಯ ಮೂಲಕ. ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಈ ಮೂವರೂ ಕರಾವಳಿಯಿಂದ ಹೋಗಿ ಆ ನಗರದಲ್ಲಿ ದುಡಿದವರು. ಚಿತ್ತಾಲರ ‘ಶಿಕಾರಿ’ (1979), ಕಾಯ್ಕಿಣಿಯವರ ‘ತೂಫಾನ್ ಮೇಲ್’ (2005) ಇವುಗಳನ್ನು ಓದಿದವರಿಗೆ ಮಹಾನಗರದ ಗುಂಪಿನಲ್ಲಿ ಒಬ್ಬಂಟಿಯಾದ ಕನ್ನಡಿಗನ ಪರಿಚಯ ಚೆನ್ನಾಗಿಯೇ ಇದೆ. ಆದರೆ ಬಾದಾಮಿಯಲ್ಲಿ ಬೆಳಗಿನ ಗಾಡಿ ಹತ್ತಿ ಬಾಗಲಕೋಟೆಯ ಕಚೇರಿಗೋ ಕಾಲೇಜಿಗೋ ಬಂದು ಸಂಜೆ ಮರಳುವವನು ಆ ಏಕಾಂಗಿಯಲ್ಲ. ಅವನಿಗೆ ಡಬ್ಬಿಯಲ್ಲಿ ಗೆಳೆಯರಿದ್ದಾರೆ, ಕುಳಿತುಕೊಳ್ಳಲು ಗೊತ್ತಾದ ಜಾಗವಿದೆ. ಅವನ ಅನುಭವವನ್ನು ತಿಳಿಯಲು ಮುಂಬಯಿಯ ಕಥೆಗಳು ಸಾಲವು. ಅವನು ಆಡುವ ಮತ್ತು ಕೇಳುವ ಮಾತುಗಳಿಗೇ ನಾವು ಹೋಗಬೇಕಾಗುತ್ತದೆ.

ಈ ದಾರಿಯ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಬಹುದು. 1876–78ರ ಮಹಾಕ್ಷಾಮದಲ್ಲಿ ವಿಜಾಪುರದ ಸೀಮೆಗೆ ಕಾಳು ಸಾಗಿಸುವ ಸಾಧನವಿಲ್ಲದೆ ಜನ ಸತ್ತರು. ಅನಂತರದ ದಶಕದಲ್ಲಿ ಗದಗಿನಿಂದ ಹೊಟಗಿಯವರೆಗೆ ಮೀಟರ್‌ಗೇಜ್ ಹಳಿ ಬಿದ್ದಿತು. ಅದನ್ನು ನಡೆಸಿದ ಕಂಪನಿಯ ಹೆಸರು ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಅದು ಮದರಾಸಿನ ಕಂಪನಿಯೊಡನೆ ಕೂಡಿತು. 1951ರಲ್ಲಿ ದಕ್ಷಿಣ ರೈಲ್ವೆಗೆ, 1966ರಲ್ಲಿ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ, 2003ರಲ್ಲಿ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಈ ಹಳಿ ಸೇರಿತು. ಎಂದರೆ, ಬಹುಕಾಲ ಈ ನಿಲ್ದಾಣಗಳ ಭಾಷೆಯನ್ನು ಗೊತ್ತುಮಾಡಿದ ಮುಖ್ಯ ಕಚೇರಿ ಕನ್ನಡನಾಡಿನ ಹೊರಗಿತ್ತು. ಅಲ್ಲಿಯ ಕನ್ನಡಕ್ಕೆ ಅನುವಾದದ ವಾಸನೆ ಇದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಜನ ಯಾರ ಅನುವಾದಕ್ಕೂ ಕಾಯಲಿಲ್ಲ. ಪಂಡಿತರು ‘ಧೂಮಶಕಟ’ವೆಂದರು, ಪಠ್ಯಪುಸ್ತಕಗಳು ‘ಉಗಿಬಂಡಿ’, ‘ಹೊಗೆಬಂಡಿ’ ಎಂದವು. ಉಗಿ ಹೋದೊಡನೆ ಆ ಮಾತುಗಳೂ ಹೋದವು. ಹಳಿಯ ಹೆಸರಾದ ‘ರೈಲು’ ಬಂಡಿಗೇ ಹೆಸರಾಗಿ ನಿಂತಿತು. ಹಳಿ ಇರುವವರೆಗೆ ಅದಕ್ಕೆ ಚ್ಯುತಿಯಿಲ್ಲ. ನಮ್ಮ ಭಾಗದಲ್ಲಂತೂ ಅದು ಬರಿಯ ‘ಗಾಡಿ’. ನಿಲ್ದಾಣ ‘ಟೇಸನ್ನು’, ಬೋಗಿ ‘ಡಬ್ಬಿ’, ಹೊರೆ ಹೊರುವವ ‘ಹಮಾಲ’. ‘ನಿಲ್ದಾಣ’ವೆಂಬ ಸಾಧುರೂಪವೂ ಒಳ್ಳೆಯ ಸೃಷ್ಟಿಯೇ. ನಿಲ್ ಮತ್ತು ತಾಣ ಸೇರಿ ಆದೇಶ ಸಂಧಿಯಾದುದನ್ನು ವಿದ್ಯಾರ್ಥಿಗಳು ಬಲ್ಲರು. ಇಲ್ಲಿ ನಿಲ್ಲುವವರಾರು, ಗಾಡಿಯೋ ಮನುಷ್ಯನೋ ಎಂಬುದನ್ನು ಸಮಾಸ ಹೇಳುವುದಿಲ್ಲ. ಗಾಡಿ ನಿಲ್ಲುವುದು ಎರಡು ನಿಮಿಷ, ಮನುಷ್ಯ ನಿಲ್ಲುವುದು ಗಂಟೆಗಟ್ಟಲೆ. ಆದುದರಿಂದ ನ್ಯಾಯವಾಗಿ ಈ ಮಾತು ಮನುಷ್ಯನಿಗೇ ಸಲ್ಲಬೇಕು.

ಈಗ ಫಲಕವನ್ನು ನೋಡೋಣ. ಹಳದಿಯ ಮೇಲೆ ಕಪ್ಪಕ್ಷರದಲ್ಲಿ ಊರ ಹೆಸರು ಮೂರು ಲಿಪಿಗಳಲ್ಲಿ ಇರುತ್ತದೆ: ಮೊದಲು ಕನ್ನಡ, ಬಳಿಕ ಹಿಂದಿ, ಬಳಿಕ ಇಂಗ್ಲಿಷು. ಕನ್ನಡದಲ್ಲಿ ‘ಬಾಗಲಕೋಟೆ’. ಇನ್ನೆರಡು ಲಿಪಿಗಳಲ್ಲಿ ಕೊನೆಯ ಸ್ವರ ಬಿದ್ದುಹೋಗಿ ‘ಬಾಗಲಕೋಟ್’ ಎಂಬಂತಾಗುವ ರೂಢಿ ಬಹುಕಾಲದ್ದು. ಫಲಕದ ಕೆಳಗೆ ನಿಂತವನ ಬಾಯಲ್ಲಿ ಊರು ‘ಬಾಗಲಕೋಟಿ’. ಎಕಾರ ಇಕಾರವಾಗುವುದು ಇಲ್ಲಿಯ ಉಪಭಾಷೆಯ ಸಹಜಧರ್ಮ. ಒಂದೇ ಊರಿನ ಮೂರು ರೂಪಗಳಲ್ಲಿ ಒಂದು ಗ್ರಂಥದ್ದು, ಒಂದು ಕಚೇರಿಯದು, ಒಂದು ಮನೆಯದು. ಮೂರೂ ಇರಲಿ ಎಂಬುದೇ ನಮ್ಮ ಮತ. ಕಚೇರಿಯ ರೂಪವೇ ಸರಿಯೆಂದು ತಿಳಿದು ಮನೆಯವರೂ ‘ಬಾಗಲಕೋಟ್’ ಎನ್ನತೊಡಗಿದಾಗ ಮಾತ್ರ ಏನನ್ನೋ ಕಳೆದುಕೊಂಡಂತೆ.

ಬಾದಾಮಿಗೂ ಬಾಗಲಕೋಟೆಗೂ ನಡುವೆ ‘ಗುಳೇದಗುಡ್ಡ ರೋಡ್’ ಎಂಬ ನಿಲ್ದಾಣವಿದೆ. ರೈಲಿನ ಪರಿಭಾಷೆಯಲ್ಲಿ ‘ರೋಡ್’ ಎಂದರೆ ಊರು ಇಲ್ಲಿಲ್ಲ, ಇಲ್ಲಿಂದ ದಾರಿಯುಂಟು ಎಂದರ್ಥ. ಪದಕೋಶದಲ್ಲಿ ಹುಡುಕಿದರೆ ಸಿಕ್ಕದ ಈ ಅರ್ಥವನ್ನು ಖಣದ ಗಂಟು ಹೊತ್ತು ಇಳಿಯುವ ನೇಕಾರ ಯಾರೂ ಹೇಳದೆಯೇ ಬಲ್ಲ. ಬಾದಾಮಿಯ ನಿಲ್ದಾಣವೂ ಊರಿಂದ ಐದು ಕಿಲೋಮೀಟರಿನಷ್ಟು ದೂರದಲ್ಲಿದೆ. ಅದಕ್ಕೇಕೋ ‘ರೋಡ್’ ಅಂಟಿಕೊಳ್ಳಲಿಲ್ಲ, ಹೊಸದಾಗಿ ಬಂದ ಪ್ರವಾಸಿ ಮಾತ್ರ ಟಾಂಗಾ, ಆಟೋಗಳವರಿಂದ ಈ ಸತ್ಯವನ್ನು ಕಲಿಯಬೇಕಾಗುತ್ತದೆ. ಹುನಗುಂದ, ಇಳಕಲ್ಲುಗಳಿಗೆ ಗಾಡಿಯೇ ಇಲ್ಲ. ಇಳಕಲ್ಲಿನ ಸೀರೆ ಜಗತ್ತಿಗೆಲ್ಲ ಹೋಗುತ್ತದೆ, ಮೊದಲ ಹೆಜ್ಜೆಯನ್ನು ಮಾತ್ರ ಬಸ್ಸಿನಲ್ಲಿಯೇ ಇಡಬೇಕು.

ಫಲಕದಲ್ಲಿ ಊರ ಹೆಸರಿನೊಡನೆ ಸಣ್ಣಕ್ಷರದಲ್ಲಿ ಇನ್ನೊಂದು ಅಂಕಿ ಇರುವುದುಂಟು: ಸಮುದ್ರಮಟ್ಟದಿಂದ ಆ ನಿಲ್ದಾಣದ ಎತ್ತರ. ಬೇರೆ ಊರುಗಳಲ್ಲಿ ಅದನ್ನು ಓದುವವರು ಹೊತ್ತು ಹೋಗದ ಹುಡುಗರು. ಬಾಗಲಕೋಟೆಯಲ್ಲಿ ಹಾಗಲ್ಲ. ಆಲಮಟ್ಟಿಯ ಜಲಾಶಯಕ್ಕೆ 519.60 ಮೀಟರು ನೀರು ನಿಲ್ಲುವುದೆಂದು ಗೊತ್ತಾದಾಗ ಈ ಊರಿನ ಓಣಿಗಳನ್ನು ಮೀಟರಿನ ಲೆಕ್ಕದಲ್ಲಿ ಅಳೆದರು. ಗೆರೆಯ ಕೆಳಗಿನ ಮನೆ ಹೋಯಿತು, ಮೇಲಿನ ಮನೆ ಉಳಿಯಿತು. ಮುಳುಗಡೆಯಾದವರಿಗಾಗಿ ನವನಗರ ಎದ್ದಿತು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿಗೆಯಿತ್ತ ಮೇಲೆ ಮತ್ತೆ ಅದೇ ಲೆಕ್ಕ, ಅದೇ ಗೆರೆ. ಸಮುದ್ರವನ್ನು ಕಂಡೇ ಇರದ ಮುದುಕಿಯೊಬ್ಬಳು ತನ್ನ ಮನೆ ಸಮುದ್ರದಿಂದ ಎಷ್ಟು ಎತ್ತರದಲ್ಲಿತ್ತೆಂದು ದಶಾಂಶಸಹಿತ ಹೇಳಬಲ್ಲ ಊರು ಕರ್ನಾಟಕದಲ್ಲಿ ಇದೊಂದೇ ಇದ್ದೀತು. ಫಲಕ ಬರೆದವನಿಗೆ ಈ ಧ್ವನಿ ಗೊತ್ತಿರಲಿಕ್ಕಿಲ್ಲ. ಆದರೂ ಧ್ವನಿ ಅಲ್ಲಿದೆ. ಧ್ವನಿಸಿದ್ಧಾಂತವನ್ನು ಕಾವ್ಯಕ್ಕೆ ಮಾತ್ರ ಮೀಸಲಿಟ್ಟವರು ಇದನ್ನು ಗಮನಿಸಬೇಕು.

ಇನ್ನು ಪ್ರಕಟಣೆ. ಇದೇ ನಮ್ಮ ವಿವೇಚನೆಯ ಮುಖ್ಯ ವಸ್ತು. ಸಂಬೋಧನೆಯಿಂದಲೇ ಪ್ರಾರಂಭಿಸೋಣ. ಹಿಂದಿಯ ಪ್ರಕಟಣೆ ಜನರನ್ನು ‘ಯಾತ್ರಿ’ಗಳೆಂದು ಕರೆಯುತ್ತದೆ. ಕನ್ನಡದಲ್ಲಿ ಯಾತ್ರಿಕನೆಂದರೆ ತೀರ್ಥಕ್ಷೇತ್ರಕ್ಕೆ ಹೊರಟವನು. ಅನುವಾದಕ ಇಲ್ಲಿ ಎಚ್ಚರ ತಪ್ಪದೆ ‘ಪ್ರಯಾಣಿಕ’ನನ್ನು ಆರಿಸಿದ್ದಾನೆ, ಅದು ಮೆಚ್ಚತಕ್ಕ ವಿವೇಕ. ಹಳಗನ್ನಡ ಕಾವ್ಯಗಳಲ್ಲಿ ‘ಪ್ರಯಾಣ’ವು ಬಹುಮಟ್ಟಿಗೆ ಸೈನ್ಯದ್ದು, ಭೇರಿಯೊಡನೆ ಹೊರಡುವಂಥದು. ಅದು ಇಂದು ತರಕಾರಿಯ ಬುಟ್ಟಿಯವಳಿಗೂ ಸಂದಿರುವುದು ಮಾತಿನ ಭಾಗ್ಯ. ಆದರೂ ಈ ದಾರಿಯಲ್ಲಿ ನಿಜವಾದ ಯಾತ್ರಿಕರೂ ಇದ್ದಾರೆಂಬುದನ್ನು ಮರೆಯಲಾಗದು. ಗೋಳಗುಮ್ಮಟ ಎಕ್ಸ್‌ಪ್ರೆಸ್ ಈಗ ಪಂಢರಪುರದವರೆಗೆ ಹೋಗುತ್ತದೆ. ಬನಶಂಕರಿಯ ಜಾತ್ರೆಗೆ ಬನದ ಹುಣ್ಣಿಮೆಯಲ್ಲಿ ಬಾದಾಮಿಗೆ ಬರುವವರಿಗೆ ಲೆಕ್ಕವಿಲ್ಲ.

ಸಂಬೋಧನೆಯ ಬಳಿಕ ಸಂಖ್ಯೆ. 2010ರ ಕೊನೆಯಿಂದ ಗಾಡಿಗಳ ಸಂಖ್ಯೆ ಐದಂಕಿಯದಾಗಿದೆ; ಒಂದು, ಏಳು, ಮೂರು, ಸೊನ್ನೆ ಎಂದು ಬಿಡಿಬಿಡಿಯಾಗಿ ಅದನ್ನು ಓದಲಾಗುತ್ತದೆ. ಕೇಳುವವರಲ್ಲಿ ಅದರಿಂದ ಗಾಡಿಯನ್ನು ಗುರುತಿಸುವವರು ನೂರಕ್ಕೆ ಒಬ್ಬರಿರಬಹುದು. ಉಳಿದವರಿಗೆ ಗಾಡಿ ‘ಗೋಳಗುಮ್ಮಟ’, ‘ಬಸವ’, ‘ಹುಬ್ಬಳ್ಳಿ ಗಾಡಿ’, ‘ಹತ್ತರ ಗಾಡಿ’. ಓಣಿ, ಪೇಟೆಗಳ ಹೆಸರನ್ನು ನೀರಿಗೆ ಕೊಟ್ಟು ಸೆಕ್ಟರಿನ ನಂಬರನ್ನು ವಿಳಾಸವಾಗಿ ಪಡೆದ ನವನಗರದವರೂ ಗಾಡಿಯನ್ನು ನಂಬರಿನಿಂದ ಕರೆಯಲು ಒಪ್ಪಿಲ್ಲವೆಂಬುದು ವಿಚಾರಾರ್ಹ.

ಬಳಿಕ ಎಲ್ಲಿಂದ, ಎಲ್ಲಿಗೆ, ಯಾವ ಮಾರ್ಗವಾಗಿ ಎಂಬ ವಿವರ. ಇದು ಇಲ್ಲಿ ಅಲಂಕಾರವಲ್ಲ, ಪ್ರಾಣ. ಬಾಗಲಕೋಟೆಯಿಂದ ಮೈಸೂರಿಗೆ ಎರಡು ಗಾಡಿಗಳುಂಟು: ಗೋಳಗುಮ್ಮಟ ದಕ್ಷಿಣಕ್ಕೆ ಹೊರಟು ಗದಗು, ಹುಬ್ಬಳ್ಳಿಗಳ ಮೇಲೆ ಹೋಗುತ್ತದೆ, ಬಸವ ಉತ್ತರಕ್ಕೆ ಹೊರಟು ವಿಜಯಪುರ, ಸೊಲ್ಲಾಪುರ, ಕಲಬುರಗಿ, ರಾಯಚೂರುಗಳನ್ನು ಬಳಸಿ ಅದೇ ಮೈಸೂರನ್ನು ಸೇರುತ್ತದೆ. ‘ಮೈಸೂರಿಗೆ ಹೋಗುವ ಗಾಡಿ’ ಎಂದಷ್ಟೇ ಹೇಳಿದರೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟವನು ಸೊಲ್ಲಾಪುರವನ್ನು ಕಾಣುವನು. ‘ಗದಗಿನ ಮ್ಯಾಲೆ ಹೋಗೂ ಗಾಡಿ ಏನ್ರೀ?’ ಎಂದು ಜನ ಒಬ್ಬರನ್ನೊಬ್ಬರು ಕೇಳುವುದು ಈ ಕಾರಣಕ್ಕೆ. ಪ್ರಕಟಣೆಯ ‘ಮಾರ್ಗವಾಗಿ’ಯ ಕೆಲಸವನ್ನು ‘ಮ್ಯಾಲೆ’ ಎಂಬ ಎರಡಕ್ಷರ ಮಾಡಿಬಿಡುತ್ತದೆ.

ಯಂತ್ರದ ಪ್ರಕಟಣೆ ಮೊದಲೇ ಧ್ವನಿಮುದ್ರಿಸಿದ ತುಣುಕುಗಳನ್ನು ಜೋಡಿಸಿದುದು. ಊರ ಹೆಸರು ಒಂದು ತುಣುಕು, ವಿಭಕ್ತಿಪ್ರತ್ಯಯ ಮತ್ತೊಂದು. ಇಂಗ್ಲಿಷಿನಲ್ಲಿ ಇದರಿಂದ ಹಾನಿಯಿಲ್ಲ, ಅಲ್ಲಿ ಸಂಬಂಧಸೂಚಕ ಪದ ಬೇರೆಯೇ ನಿಲ್ಲುತ್ತದೆ. ಕನ್ನಡದಲ್ಲಿ ಪ್ರತ್ಯಯ ನಾಮಪದದ ಮೈಯೊಳಗೆ ಸೇರಬೇಕು: ಬಾಗಲಕೋಟೆಯಿಂದ, ಗದಗಿನಿಂದ, ವಿಜಯಪುರದಿಂದ. ಯಕಾರ, ಇನ, ದಕಾರಗಳು ಊರೂರಿಗೆ ಬೇರೆ. ತುಣುಕು ಜೋಡಣೆಯಲ್ಲಿ ಇವೆಲ್ಲ ಒಂದೇ ಅಚ್ಚಿಗೆ ಬಿದ್ದು, ಹೆಸರಿಗೂ ಪ್ರತ್ಯಯಕ್ಕೂ ನಡುವೆ ಒಂದು ಉಸಿರಿನ ಬಿರುಕು ಕೇಳಿಸುತ್ತದೆ. ಸಂಧಿ ಪ್ರಕರಣವನ್ನು ನೀರಸವೆನ್ನುವ ವಿದ್ಯಾರ್ಥಿಗಳು ಒಮ್ಮೆ ಈ ಬಿರುಕನ್ನು ಕೇಳಬೇಕು. ಸಂಧಿಯಿಲ್ಲದ ಕನ್ನಡ ಹೇಗಿರುವುದೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇನ್ನೂ ಗುರುತರವಾದ ದೋಷ ವಾಕ್ಯರಚನೆಯದು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸಂಖ್ಯೆ, ಹೆಸರು, ಮೂರು ನಾಲ್ಕು ಊರುಗಳು, ಪ್ಲಾಟ್‌ಫಾರಂ ಎಲ್ಲವನ್ನೂ ಒಂದೇ ವಾಕ್ಯಕ್ಕೆ ಪೋಣಿಸಿದಾಗ, ಗಾಡಿ ಬರುತ್ತಿದೆಯೋ ಹೊರಡುತ್ತಿದೆಯೋ ತಡವಾಗಿದೆಯೋ ಎಂಬ ಒಂದೇ ಬೇಕಾದ ಸಂಗತಿ ತುದಿಯಲ್ಲಿ ಉಳಿಯುತ್ತದೆ. ಅಷ್ಟರೊಳಗೆ ಎದುರು ಹಳಿಯ ಮಾಲುಗಾಡಿ ಸದ್ದುಮಾಡಿದರೆ ಕ್ರಿಯಾಪದವೇ ಮುಳುಗಿಹೋಗುತ್ತದೆ. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರಂ 1507 ಮೀಟರು ಉದ್ದವಾಗಿದ್ದು ಜಗತ್ತಿನಲ್ಲಿಯೇ ಉದ್ದನೆಯದೆನಿಸಿದೆ. ಅಲ್ಲಿ ಕ್ರಿಯಾಪದಕ್ಕಾಗಿ ತಪ್ಪು ತುದಿಯಲ್ಲಿ ಕಾದವನ ಪಾಡನ್ನು ಊಹಿಸಬಹುದು. ಇದು ಕನ್ನಡದ ದೋಷವಲ್ಲ. ನಮ್ಮ ಹಳ್ಳಿಗಳ ಡಂಗುರದವನೂ ಕನ್ನಡದಲ್ಲಿಯೇ ಸಾರುತ್ತಿದ್ದ. ಅವನು ಮೊದಲು ‘ಕೇಳ್ರಪ್ಪೋ ಕೇಳ್ರಿ’ ಎಂದು ಕಿವಿಯನ್ನು ಕರೆಯುತ್ತಿದ್ದ; ಬಳಿಕ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಒಂದೊಂದೇ ಸಂಗತಿಯನ್ನು ಇಡುತ್ತಿದ್ದ; ನಡುನಡುವೆ ಹಲಗೆಯ ಪೆಟ್ಟು ವಿರಾಮಚಿಹ್ನೆಯಾಗುತ್ತಿತ್ತು. ಓದುಬಲ್ಲವರ ಗದ್ಯವನ್ನು ಕೇಳುವವರ ಮೇಲೆ ಹೊರಿಸಿದ್ದೇ ಇಲ್ಲಿಯ ತೊಡಕಿಗೆ ಮೂಲ.

ತಡವಾದಾಗ ಕೇಳಿಬರುವ ಮಾತಂತೂ ಪ್ರತ್ಯೇಕ ಟಿಪ್ಪಣಿಗೆ ಯೋಗ್ಯ. ‘ಅನಾನುಕೂಲ’ಕ್ಕಾಗಿ ‘ವಿಷಾದ’ ವ್ಯಕ್ತವಾಗುತ್ತದೆ. ಅನುಕೂಲಕ್ಕೆ ನಿಷೇಧಾರ್ಥ ಸೇರಿದರೆ ‘ಅನನುಕೂಲ’. ‘ಅನಾನುಕೂಲ’ವೆಂಬ ದೀರ್ಘಕ್ಕೆ ವ್ಯಾಕರಣದಲ್ಲಿ ಆಧಾರವಿಲ್ಲ. ಪತ್ರಿಕೆಗಳೂ ಕಚೇರಿಗಳೂ ಹೇಳಿ ಹೇಳಿ ಅದು ರೂಢಿಗೆ ಬಂದಿದೆ, ಅದನ್ನು ಕ್ಷಮಿಸಬಹುದು. ‘ವಿಷಾದ’ವನ್ನು ಕ್ಷಮಿಸುವುದು ಕಷ್ಟ. ಗೀತೆಯ ಮೊದಲ ಅಧ್ಯಾಯದಲ್ಲಿ ಗಾಂಡೀವ ಜಾರಿದವನಿಗೆ ಆದದ್ದು ವಿಷಾದ. ನಲವತ್ತು ನಿಮಿಷದ ತಡಕ್ಕೆ ಯಾರಿಗೂ ಅಷ್ಟು ಆಗುವುದಿಲ್ಲ, ಯಂತ್ರಕ್ಕಂತೂ ಆಗದು. ‘ತಡವಾಯಿತು, ಕ್ಷಮಿಸಿ’ ಎಂದರೆ ಮನುಷ್ಯನ ಮಾತಾಗುತ್ತಿತ್ತು.

ಇವೆಲ್ಲದರ ಕೆಳಗೆ ಪ್ರಯಾಣಿಕರ ಸ್ವಂತ ಭಾಷೆ ಹರಿಯುತ್ತಲೇ ಇದೆ. ಪ್ಲಾಟ್‌ಫಾರಮಿಗೆ ಓಡಿಬಂದವರು ಕೇಳುವುದು ‘ಗಾಡಿ ಬಂತೇನ್ರೀ?’ ಎಂದಲ್ಲ, ‘ಗಾಡಿ ಹೋತೇನ್ರೀ?’ ಎಂದು. ಆಶೆಗಿಂತ ಅಂಜಿಕೆ ಮೊದಲು ಬಾಯಿಗೆ ಬರುತ್ತದೆ. ದಿನವೂ ಹೋಗಿಬರುವವನಿಗೆ ಗ್ರಂಥಭಾಷೆ ‘ನಿತ್ಯಪ್ರಯಾಣಿಕ’ನೆಂಬ ಹೆಸರು ಕಟ್ಟಿದೆ, ಅವನು ಮಾತ್ರ ‘ಅಪ್‌ಡೌನ್ ಮಾಡತೀನ್ರಿ’ ಎನ್ನುತ್ತಾನೆ. ಗಾಡಿಯ ದಿಕ್ಕುಗಳನ್ನು ಸೂಚಿಸುವ ರೈಲ್ವೆಯ ಪಾರಿಭಾಷಿಕವನ್ನು ಎತ್ತಿ ತನ್ನ ಬಾಳಿನ ಹೆಸರಾಗಿ ಮಾಡಿಕೊಂಡ ಈ ಪ್ರತಿಭೆಗೆ ಯಾವ ಪರಿಭಾಷಾ ಸಮಿತಿಯೂ ಸಾಟಿಯಲ್ಲ. ಇನ್ನು ಕೆಲವರು ಅಪ್ ಮಾತ್ರ ಮಾಡಿ ಡೌನನ್ನು ಸುಗ್ಗಿಗೋ ಹಬ್ಬಕ್ಕೋ ಮುಂದೂಡಿದವರು: ಗೋವೆಯ ಕಟ್ಟಡಗಳಿಗೆ, ಮಹಾರಾಷ್ಟ್ರದ ಕಬ್ಬಿನ ಹೊಲಗಳಿಗೆ ಗುಳೆ ಹೋಗುವವರು. ಕಾಳು ತರಲೆಂದು ಹಾಕಿದ ಹಳಿಯ ಮೇಲೆ ಕಾಳಿಗಾಗಿ ಹೊರಟ ಜನ. ‘ಗುಳೆ’ ಎಂಬ ಹಳೆಯ ಕನ್ನಡ ಮಾತು ನಿಲ್ದಾಣದ ಯಾವ ಫಲಕದಲ್ಲಿಯೂ ಇಲ್ಲ; ಚೀಲ, ಬುಟ್ಟಿ, ಕೂಸುಗಳೊಡನೆ ಗೋಡೆಗೊರಗಿ ಕುಳಿತವರ ಪೈಕಿ ಎಷ್ಟು ಜನಕ್ಕೆ ಅದು ಅನ್ವಯಿಸುವುದೆಂದು ನೋಡಿದವರು ಬಲ್ಲರು. ಓದುಬಾರದ ಇವರಿಗೆ ಪ್ರಕಟಣೆಯೊಂದೇ ಪುಸ್ತಕ.

2017ರಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳ ಬಗ್ಗೆ ದೊಡ್ಡ ವಾದ ನಡೆಯಿತು. ಹಿಂದಿಯ ಹೆಸರುಗಳು ಮರೆಯಾದವು. 2018ರಲ್ಲಿ ಕರ್ನಾಟಕದ ಕೆಲವು ನಿಲ್ದಾಣಗಳ ಕಾಯ್ದಿರಿಸದ ಚೀಟಿಯ ಮೇಲೆ ಕನ್ನಡವೂ ಬಂದಿತು. ಇವು ಆಗಬೇಕಾದುವೇ. ಆದರೆ ವಾದವೆಲ್ಲ ಕನ್ನಡ ಇರಬೇಕೆ, ಎಷ್ಟನೆಯ ಸಾಲಿನಲ್ಲಿರಬೇಕು ಎಂಬುದರ ಸುತ್ತಲೇ ಸುತ್ತಿತು. ಬಂದ ಕನ್ನಡ ಯಾರಿಗೆ ತಿಳಿಯುತ್ತದೆಂದು ಕೇಳಿದವರು ಕಡಿಮೆ. ಅತ್ತ ಶುದ್ಧಿವಾದಿಗಳು ಪ್ಲಾಟ್‌ಫಾರಮಿಗೆ ಅಚ್ಚಗನ್ನಡ ಪದವಿಲ್ಲವೆಂದು ಕೊರಗುತ್ತಾರೆ. ಅದು ನಮಗೆ ದೊಡ್ಡ ಕೊರತೆಯಾಗಿ ಕಾಣುವುದಿಲ್ಲ. ಪದ ಪರಕೀಯವಾಗಿದ್ದರೂ ವಾಕ್ಯ ಸ್ವಕೀಯವಾಗಿದ್ದರೆ ಕನ್ನಡಕ್ಕೆ ಕುಂದಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಭಾಷಾಂತರದ ಅಭ್ಯಾಸಕ್ಕಾಗಿ ಸಂಪಾದಕೀಯಗಳನ್ನು ಕೊಡುವ ಬದಲು ಇಂಥ ಪ್ರಕಟಣೆಯೊಂದನ್ನು ಕೊಟ್ಟು ನೋಡಬಹುದು. ಒಂದು ಮಾದರಿ: ‘ಹುಬ್ಬಳ್ಳಿಗೆ ಹೋಗುವವರು ಕೇಳಿ. ಗೋಳಗುಮ್ಮಟ ಗಾಡಿ ತಡವಾಗಿದೆ. ಇನ್ನೂ ನಲವತ್ತು ನಿಮಿಷ ಹಿಡಿಯುತ್ತದೆ. ಗದಗಿನ ಮೇಲೆ ಹೋಗುವ ಗಾಡಿ ಇದೇ. ಎರಡನೆಯ ಪ್ಲಾಟ್‌ಫಾರಮಿಗೆ ಬರುತ್ತದೆ.’ ಐದು ವಾಕ್ಯಗಳಲ್ಲಿ ಐದು ಕ್ರಿಯೆಗಳಿಲ್ಲ, ನಾಲ್ಕನೆಯದರಲ್ಲಿ ಕ್ರಿಯಾಪದವೇ ಇಲ್ಲ. ಐದಂಕಿಯ ಸಂಖ್ಯೆಯನ್ನು ಎಲ್ಲಿಡಬೇಕೆಂಬುದು ಬಗೆಹರಿದಿಲ್ಲ. ಕೊನೆಗಿಟ್ಟರೆ ಬೇಕಾದವರು ಕೇಳಿಕೊಳ್ಳುವರು, ಉಳಿದವರು ಆ ಹೊತ್ತಿಗೆ ಚಹದಂಗಡಿಗೆ ನಡೆದಿರುತ್ತಾರೆ.