ಕೋಲಾರದ ಮನೆ, ಬೆಂಗಳೂರಿನ ಲೆಕ್ಕ

ಬೆಂಗಳೂರಿನಲ್ಲಿ ನಿವೇಶನವೊಂದನ್ನು ಕೊಳ್ಳುವ ಶಕ್ತಿ ತಮಗಿನ್ನಿಲ್ಲವೆಂದು ಮನಗಂಡ ಗೃಹಸ್ಥರು ಪೂರ್ವದ ಹೆದ್ದಾರಿ ಹಿಡಿದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಹಳೆಯ ಮನೆಗಳನ್ನು ಅರಸುವುದೂ, ಕೊಂಡದ್ದನ್ನು ದೂರದಿಂದಲೇ ದುರಸ್ತಿ ಮಾಡಿಸಿ ಬಾಡಿಗೆಗಿತ್ತು, ಏರಿದ ಬೆಲೆಯ ಮೇಲೆ ಮತ್ತಷ್ಟು ಸಾಲವೆತ್ತಿ ಇನ್ನೊಂದು ಮನೆಗೆ ಕೈಯಿಕ್ಕುವುದೂ ಈಚೆಗೆ ಒಂದು ಪದ್ಧತಿಯಾಗಿ ಬೆಳೆಯುತ್ತಿದೆ. ನರಸಾಪುರದಲ್ಲಿ 2013ರಲ್ಲಿ ಹೊಂಡಾ ಕಾರ್ಖಾನೆ ತೆರೆದಂದಿನಿಂದ, ವೇಮಗಲ್ ಮತ್ತು ಮಾಲೂರಿನ ಕೈಗಾರಿಕಾ ಪ್ರದೇಶಗಳೂ ವಿಸ್ತರಿಸಿ, ಬಾಡಿಗೆದಾರರಿಗೇನೂ ಬರವಿಲ್ಲ. ಬರವಿರುವುದು ನೀರಿಗೆ.

ನಮ್ಮ ಮಿತ್ರರೊಬ್ಬರು ಕೋಲಾರದ ಹಳೆಯ ಓಣಿಯೊಂದರಲ್ಲಿ ಕೊಂಡದ್ದು ಕಲ್ಲುಚಪ್ಪಡಿಯ ಮಾಳಿಗೆಮನೆ. ಕ್ರಯಪತ್ರ ನೋಂದಣಿಯಾದ ದಿನವನ್ನುಳಿದು ಅವರು ಆ ಹೊಸ್ತಿಲನ್ನು ತುಳಿದದ್ದು ಎರಡೇ ಬಾರಿ. ಮಿಕ್ಕದ್ದೆಲ್ಲ ಮೇಸ್ತ್ರಿ ಕಳುಹಿಸಿದ ವಾಟ್ಸಾಪ್ ಚಿತ್ರಗಳಲ್ಲೇ ನಡೆಯಿತು. "ಎಲ್ಲಾ ಆಗೋಯ್ತು ಸಾರ್, ನೀವ್ಯಾಕೆ ಅಷ್ಟು ದೂರದಿಂದ ಬರ್ತೀರಿ" ಎಂಬ ಆತನ ಮಾತಿನಲ್ಲಿ ವಂಚನೆಯಿರಲಿಲ್ಲ; ಹೇಳಿದ್ದಷ್ಟನ್ನೂ ಅವನು ಮಾಡಿದ್ದನು. ನಡುಮನೆಗೆ ಹೊಳೆಯುವ ಟೈಲ್ಸ್, ಬೀದಿಗೆ ಉಕ್ಕಿನ ಗೇಟು, ಚಪ್ಪಡಿಗಳು ಕಾಣದಂತೆ ಪಿ.ಒ.ಪಿ. ಸೂರು. ಕಾರ್ತಿಕದ ಜಡಿಮಳೆ ಹಿಡಿದಾಗ ಚಪ್ಪಡಿಯ ಸಂದಿನಿಂದಿಳಿದ ನೀರು ಆ ಬಿಳಿಯ ಸೂರಿನ ಮೂಲೆಯಲ್ಲಿ ಡಿಕಾಕ್ಷನ್ ಚೆಲ್ಲಿದಂಥ ಕಲೆಯನ್ನು ಮೂಡಿಸಿತು. ಸಂಪು ಮಾತ್ರ ಹಿಂದಿನ ಯಜಮಾನರ ಕಾಲದ್ದೇ, ಬಿರುಕುಬಿಟ್ಟದ್ದು. ಬಾಡಿಗೆಗೆ ಬಂದ ಹೆಂಗಸು, "ನೆಲ ಕನ್ನಡಿ ತರ ಐತೆ ಸಾಮಿ, ಒರ್ಸೋಕೆ ನೀರು ಎಲ್ಲಿಂದ ತರ್ಲಿ?" ಎಂದು ಕೇಳಿದಳಂತೆ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿತ ಕೊಳಚೆನೀರು ಜಿಲ್ಲೆಯ ಕೆರೆಗಳಿಗೆ ಹರಿದು ಬರುತ್ತಿದೆಯಾದರೂ ಅದು ಅಂತರ್ಜಲವನ್ನು ಹೆಚ್ಚಿಸುವುದಕ್ಕೆ, ಮನೆಯ ನಲ್ಲಿಗಲ್ಲ.

ಈ ಪದ್ಧತಿಯ ಮೂಲದೋಷ ನನಗೆ ತೋರುವುದು ಇಲ್ಲಿಯೇ. ವಾಸಿಸುವವನಿಗಾಗಿ ದುರಸ್ತಿಯಾಗಬೇಕಾದ ಮನೆಯು, ಅರ್ಧ ಗಂಟೆ ನಿಂತು ಚಿತ್ರ ತೆಗೆದುಕೊಂಡು ಹೋಗುವ ಬ್ಯಾಂಕಿನ ಮೌಲ್ಯಮಾಪಕನಿಗಾಗಿ ದುರಸ್ತಿಯಾಗುತ್ತದೆ. ಚಲಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವವರಿಂದ ದಂಡ ವಸೂಲುಮಾಡಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ವಿಧಿಸಿದ ಮೇಲೆ, ಸಾಲವನ್ನು ಮತ್ತೊಂದು ಬ್ಯಾಂಕಿಗೆ ವರ್ಗಾಯಿಸಿ ಟಾಪ್‌ಅಪ್ ಪಡೆಯುವುದು ಸುಲಭವಾಯಿತು. ಸಾಲಗಾರನಿಗೆ ಅದು ಉಪಕಾರವೇ ಸರಿ. ಆದರೆ ಬಾಡಿಗೆಯೇ ಕಂತನ್ನು ತೀರಿಸೀತೆಂಬ, ಅಮೆರಿಕದಿಂದ ಬಂದ ನಂಬಿಕೆ ಈ ನೆಲದಲ್ಲಿ ನಿಲ್ಲದು. 30 ಲಕ್ಷದ ಮನೆಗೆ ತಿಂಗಳಿಗೆ 9,000 ರೂಪಾಯಿ ಬಂದಿತೆನ್ನೋಣ: ವರ್ಷಕ್ಕೆ 1,08,000. ಆ ಮನೆಯ ಮೇಲೆ ಎತ್ತಿದ 24 ಲಕ್ಷಕ್ಕೆ ಶೇಕಡಾ 8.5ರಂತೆ ಮೊದಲ ವರ್ಷದ ಬಡ್ಡಿಯೇ ಎರಡು ಲಕ್ಷ ಮುಟ್ಟುತ್ತದೆ. ಉಳಿದದ್ದನ್ನು ತುಂಬುವುದು ಯಜಮಾನನ ಸಂಬಳ.

ನಮ್ಮವರಿಗೆ ಇದಕ್ಕಿಂತ ಹಳೆಯದಾದ ಮರುಸಾಲವೊಂದು ಗೊತ್ತಿದೆ, ಅದೇ ಭೋಗ್ಯ. ಬಾಡಿಗೆಯಿಲ್ಲ, ಬಡ್ಡಿಯಿಲ್ಲ, ಇಡಿಗಂಟನ್ನು ಪಡೆದು ಮನೆಯನ್ನೊಪ್ಪಿಸಿ, ಅವಧಿ ಮುಗಿದಾಗ ಗಂಟನ್ನು ಹಿಂದಿರುಗಿಸುವುದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಸ್ವಾಧೀನ ಅಡಮಾನಕ್ಕೆ ಇದು ಸೋದರಸಂಬಂಧಿ. ಭೋಗ್ಯದ ಹಣದಿಂದ ಸಾಲ ತೀರಿಸಿದವನನ್ನು ನಾನು ಆಕ್ಷೇಪಿಸೆನು. ಬ್ಯಾಂಕಿಗೆ ಅಡವಿಟ್ಟ ಮನೆಯನ್ನೇ, ಆ ವಿಷಯವನ್ನು ಮರೆಮಾಚಿ ಭೋಗ್ಯಕ್ಕಿತ್ತು, ಬಂದ ಗಂಟಿನಿಂದ ಎರಡನೆಯ ಮನೆಗೆ ಮುಂಗಡ ಕೊಡುವವರನ್ನು ಮಾತ್ರ ಕ್ಷಮಿಸಲಾರೆ: ಕಂತು ತಪ್ಪಿದರೆ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಬಾಗಿಲಿಗೆ ನೋಟೀಸು ಅಂಟಿಸುವಾಗ, ಒಳಗಿರುವವನ ಜೀವಮಾನದ ಗಳಿಕೆ ಅತಂತ್ರವಾಗುತ್ತದೆ.

ಕಾಗದಪತ್ರಗಳ ಮಟ್ಟಿಗೆ ದೂರವು ಈಗ ಅಡ್ಡಿಯಲ್ಲ. ಋಣಭಾರ ಪತ್ರ ಕಾವೇರಿ ತಂತ್ರಾಂಶದಲ್ಲಿಯೂ, ಪಂಚಾಯತಿ ವ್ಯಾಪ್ತಿಯ ನಮೂನೆ 9 ಇ-ಸ್ವತ್ತಿನಲ್ಲಿಯೂ ಕುಳಿತಲ್ಲಿಯೇ ದೊರೆಯುತ್ತವೆ. ಪಾಳುಬೀಳುತ್ತಿದ್ದ ಎಷ್ಟೋ ಮನೆಗಳಿಗೆ ಈ ದೂರದ ಯಜಮಾನರಿಂದ ದೀಪ ಹತ್ತಿದೆಯೆಂಬುದನ್ನೂ ಒಪ್ಪಬೇಕು. ನಮ್ಮ ಮಿತ್ರರು ಮರುವರ್ಷ ಅಂಗಳದ ಹೊಸ ಟೈಲ್ಸನ್ನೇ ಒಡೆಸಿ ದೊಡ್ಡ ಸಂಪು ತೆಗೆಸಿದರು; ಮಾಳಿಗೆಯ ಸಂದುಗಳಿಗೆ ಗಾರೆ ಹಾಕಿಸಿದರು. ನಗರಸಭೆಯ ನೀರು ಬಿಟ್ಟ ದಿನ ವಾಲ್ವ್ ತಿರುಗಿಸುವವರು ಎದುರುಮನೆಯ ಅಜ್ಜಿ. ಆಕೆಗೆ ತಿಂಗಳಿಗೊಮ್ಮೆ ಅರ್ಧ ಕೇಜಿ ಕಾಫಿಪುಡಿ ಹೋಗುತ್ತದೆ, ಅದನ್ನು ಕೊಡಲು ಮಿತ್ರರು ಈಗ ಖುದ್ದಾಗಿ ಹೋಗುತ್ತಾರೆ.